ಸಹಭಾಗಿತ್ವ ಕಳಿಸಿದ್ದೇವೆ, ರಸೀದಿ ಕೊಡಿ

ಸನ್ಮಾನ್ಯ ಅಭಿವೃದ್ಧಿ ಬ್ಯಾಂಕಿನವರಿಗೆ,

ಈ ಕಡೆ ನಾವೆಲ್ಲ ಸುಸ್ಥಿರವಾಗಿದ್ದೇವೆ, ಆ ಕಡೆ ತಾವೂ ಸುಸ್ಥಿರವಾಗಿದ್ದೀರೆಂದು ನಂಬಿದ್ದೇವೆ. ಮೊದಲೆಲ್ಲ ಕಾಗದ ಬರೆಯುವಾಗ 'ಕ್ಷೇಮ' ಎನ್ನುತ್ತಿದ್ದೆವು. ತಾವು ನಮ್ಮ ಸೀಮೆಗೆ ಬಂದುಹೋದ ಮೇಲೆ ಆ ಪದ ಬಿಟ್ಟೆವು. ಕ್ಷೇಮವನ್ನು ಅಳೆಯಲು ಬರುವುದಿಲ್ಲವಂತೆ.

ಈ 'ತಾವು' ಯಾರು ಎಂದು ತಾವೇ ಕೇಳಬಹುದು. ತಮ್ಮದು ದೊಡ್ಡ ಸಂಸಾರ. ಹಿರಿಯಣ್ಣ ವಿಶ್ವಬ್ಯಾಂಕ್ ವಾಷಿಂಗ್ಟನ್ನಿನಲ್ಲಿದ್ದಾರೆ, 1944ರಲ್ಲಿ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶದವರು ಕೂತು ನಾಮಕರಣ ಮಾಡಿದ್ದು. ಇನ್ನೊಬ್ಬರು ಮನಿಲಾದಲ್ಲಿ. ಬೀಜಿಂಗ್, ಶಾಂಘೈಗಳಲ್ಲಿ ಹೊಸ ತಲೆಮಾರು ಮನೆ ಮಾಡಿದೆ. ಶಾಂಘೈನವರ ಮೊದಲ ಅಧ್ಯಕ್ಷರು ನಮ್ಮ ಮಂಗಳೂರಿನ ಕೆ.ವಿ. ಕಾಮತರೇ. ಮುಂಬೈಯಲ್ಲಿ ನಬಾರ್ಡ್, ಲಖನೌದಲ್ಲಿ ಸಿಡ್ಬಿ. ಇವರಲ್ಲಿ ನಾನು ದುಡಿದ ಕೆರೆ ಯೋಜನೆಗೆ ದುಡ್ಡು ಕೊಟ್ಟವರು ಯಾರೆಂದು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ 'ಸದ್ಯ, ನಾವಲ್ಲ' ಎಂದು ಕಾಗದ ಮಡಿಚಿಟ್ಟುಬಿಡುತ್ತಾರೆ.

ಇನ್ನು ನಾನು. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಡಿಯ ಒಣಸೀಮೆಯಲ್ಲಿ ಹದಿನಾಲ್ಕು ವರ್ಷ ಒಂದು ಸ್ವಯಂಸೇವಾ ಸಂಸ್ಥೆಯ ಸಮುದಾಯ ಸಂಘಟಕನಾಗಿದ್ದೆ. ಊರಿನವರ ಬಾಯಲ್ಲಿ 'ಸಂಸ್ಥೆ ಸಾರ್'. ತಮ್ಮ ಕಡತದಲ್ಲಿ ನನ್ನ ಹೆಸರು 'ನಾಗರಿಕ ಸಮಾಜ'. ಒಂದು ಹಳೆ ಟಿವಿಎಸ್ ಎಕ್ಸೆಲ್, ಹೆಗಲಿಗೊಂದು ಚೀಲ, ಚೀಲದಲ್ಲಿ ರಂಗೋಲಿ ಪುಡಿ, ನಡಾವಳಿ ಪುಸ್ತಕ, ಮೂರು ಬಣ್ಣದ ಪೆನ್ನು. ನಾಗರಿಕ ಸಮಾಜದ ಒಟ್ಟು ಆಸ್ತಿ ಅಷ್ಟೇ. ಪೆಟ್ರೋಲು ಭತ್ಯೆ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು.

ರಂಗೋಲಿ ಪುಡಿಯಿಂದಲೇ ಶುರು ಮಾಡುತ್ತೇನೆ. ಹೊಸ ಊರಿಗೆ ಹೋದರೆ ಮೊದಲ ದಿನದ ಕೆಲಸ ನಕ್ಷೆ. ಮಾರಮ್ಮನ ಗುಡಿ ಮುಂದಿನ ಬಯಲು ಗುಡಿಸಿ, ನೀರು ಚಿಮುಕಿಸಿ, ಊರಿನವರ ಕೈಯಲ್ಲೇ ಊರು ಬರೆಸಬೇಕು. ರಸ್ತೆ ಬಿಳಿ, ಕೆರೆ ನೀಲಿ, ಅಚ್ಚುಕಟ್ಟು ಹಸಿರು. ಆಮೇಲೆ ಯಾರು ಬಡವರು, ಯಾರು ಕಡುಬಡವರು ಎಂದು ಊರಿನವರೇ ತೀರ್ಮಾನಿಸಿ ಮನೆಮನೆಗೆ ಗುರುತಿಡಬೇಕು. ಬಣ್ಣದ ಕಾಗದದ ಚೂರು ಇಡಿಸಿ ಎಂದು ಕೈಪಿಡಿಯಲ್ಲಿತ್ತು. ಯೋಜನೆಯ ಒಂದು ಊರಿನಲ್ಲಿ, ಆ ದಿನ ಗಾಳಿಗೆ ಅವೆಲ್ಲ ಹಾರಿಹೋದವು. ಹೆಂಗಸೊಬ್ಬರು ಮಡಿಲಿನಿಂದ ರಾಗಿ ತೆಗೆದು ಕಡುಬಡವರ ಮನೆಗೆ ಒಂದೊಂದು ಚಿಟಿಕೆ ಇಟ್ಟುಕೊಂಡು ಹೋದರು. ಎಣಿಸಿದಾಗ 41 ಮನೆ. ನಾವು ಟೀ ಕುಡಿದು ಬರುವಷ್ಟರಲ್ಲಿ ಒಂದು ಹೇಂಟೆ ಮರಿಗಳ ಸಮೇತ ನಕ್ಷೆಯೊಳಗೆ ಹೊಕ್ಕಿತ್ತು. ಮತ್ತೆ ಎಣಿಸಿದರೆ 28.

ಹದಿಮೂರು ಸಂಸಾರಗಳನ್ನು ಹತ್ತು ನಿಮಿಷದಲ್ಲಿ, ಒಂದು ಪೈಸೆ ಸಾಲವಿಲ್ಲದೆ ಕಡುಬಡತನದಿಂದ ಮೇಲೆತ್ತಿದ ಆ ಹೇಂಟೆಯ ಹೆಸರು ತಮ್ಮ ಯಾವ ವರದಿಯಲ್ಲೂ ಬರಲಿಲ್ಲ. ಮತ್ತೆ ರಾಗಿ ಇಡಿಸಲು ಹೋದೆವು. ಎಲ್ಲೆಲ್ಲಿ ಇಟ್ಟಿದ್ದೆವೆಂದು ಯಾರಿಗೂ ನೆನಪಿರಲಿಲ್ಲ. ಮಾತಿಗೆ ಮಾತು ಬೆಳೆದು, ಇಬ್ಬರು ಜಗಳವಾಡಿಕೊಂಡು ಹೋಗಿ, ಕೊನೆಗೆ 36 ಎಂದು ರಾಜಿಯಾಯಿತು. ತಮ್ಮ ಬೇಸ್‌ಲೈನ್ ಸರ್ವೆಯಲ್ಲಿ ಈಗಲೂ 36 ಎಂದೇ ಇದೆ. ಅದರ ಪಕ್ಕದಲ್ಲಿ 'ಸಹಭಾಗಿತ್ವ ವಿಧಾನದಿಂದ ಗುರುತಿಸಲಾಗಿದೆ' ಎಂಬ ಷರಾ. ಸುಳ್ಳೇನಲ್ಲ.

ಅವತ್ತೇ ಮಧ್ಯಾಹ್ನ, ಜಗಲಿಯ ತುದಿಯಲ್ಲಿ ಕೂತಿದ್ದ ಮುದುಕರೊಬ್ಬರು ಕೇಳಿದರು. "ಸಾರ್, ಇದು ಸಾಲಾನಾ, ಸಹಾಯಾನಾ?"

"ಸಾಲ ಕಣಜ್ಜ. ಸರ್ಕಾರ ತೀರಿಸ್ತದೆ."

"ಬಡ್ಡಿ ಎಷ್ಟು?"

"ಬಾಳ ಕಮ್ಮಿ."

"ಜಾಮೀನು ಯಾರು?"

ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜ ಟವಲು ಕೊಡವಿಕೊಂಡು ಎದ್ದು, "ಹಂಗಾರೆ ನಾವೇಯಾ" ಎಂದು ಹೊರಟರು. ನಡಾವಳಿಯಲ್ಲಿ ನಾನು ಬರೆದದ್ದು: ಗ್ರಾಮಸ್ಥರು ಯೋಜನೆಯ ಕುರಿತು ಉತ್ಸಾಹದಿಂದ ಚರ್ಚಿಸಿದರು.

ಅಜ್ಜನ ಲೆಕ್ಕ ಸರಿಯಾಗಿಯೇ ಇತ್ತು. ಬಡ್ಡಿ ನಿಜಕ್ಕೂ ಕಮ್ಮಿ, ಊರಿನ ಲೇವಾದೇವಿಯವರ ಮುಂದೆ ತಾವು ದೇವರು. ಆದರೆ ಹೊರದೇಶದ ಸಾಲ ವಿದೇಶಿ ನಾಣ್ಯದಲ್ಲಿ ಹಿಂತಿರುಗಬೇಕು. 2002ರ ಹೊತ್ತಿಗೆ ಡಾಲರಿಗೆ 48 ರೂಪಾಯಿಯ ಆಸುಪಾಸು ಇತ್ತು, ಈಗ 85 ದಾಟಿದೆ. ಅಸಲು ಕೂತಲ್ಲೇ ಬೆಳೆಯುತ್ತದೆ. ಹೊರುವುದು ಸರ್ಕಾರ, ಅಂದರೆ ಬೆಂಕಿಪೊಟ್ಟಣ ಕೊಂಡು ತೆರಿಗೆ ಕಟ್ಟುವವರೆಲ್ಲ. ಇದು ಸಾಲ ಬೇಡ ಎನ್ನಲು ಕಾರಣವಲ್ಲ. ಭಾರತ ತಮ್ಮ ಹಿರಿಯಣ್ಣನಿಂದ 1949ರಲ್ಲೇ ರೈಲ್ವೆಗೆಂದು ಮೊದಲ ಸಾಲ ತಂದಿತು, ರೈಲು ಓಡುತ್ತಲೇ ಇದೆ. ನನ್ನ ತಕರಾರು ಇಷ್ಟೇ: ಊರಿನ ಹೆಸರಿನಲ್ಲಿ ಸಾಲ ಎತ್ತುವಾಗ ಊರಿಗೆ ಸಾಲಪತ್ರ ಓದಿ ಹೇಳುವವರು ಯಾರೂ ಇರಲಿಲ್ಲ. ಕೆರೆ ನಿಮ್ಮದು, ಸಂಘ ನಿಮ್ಮದು, ಯೋಜನೆಯೂ ನಿಮ್ಮದೇ ಎಂದು ನೂರು ಸಲ ಹೇಳಿಸಿದ ತಾವು, ಸಾಲವೂ ನಿಮ್ಮದೇ ಎಂದು ಒಮ್ಮೆಯೂ ಹೇಳಿಸಲಿಲ್ಲ. ಪುಸ್ತಕ ಹಿಡಿದು ಕೂತಿದ್ದ ನಾನೂ ಹೇಳಲಿಲ್ಲ.

ಪೆನ್ನುಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಸ್ಥೆಗೆ ದುಡ್ಡು ಕಂತಿನಲ್ಲಿ ಬರುತ್ತಿತ್ತು. ಕೆರೆ ಸಂಘ ನೋಂದಣಿಯಾದರೆ ಒಂದು ಕಂತು, ಖಾತೆ ತೆರೆದರೆ ಇನ್ನೊಂದು, ಕ್ರಿಯಾಯೋಜನೆಗೆ ಸಭೆಯ ಒಪ್ಪಿಗೆ ಬಿದ್ದರೆ ಮತ್ತೊಂದು. ಹೀಗಾಗಿ ನಾವು ಸಹಭಾಗಿತ್ವದ ಸರಬರಾಜುದಾರರಾದೆವು. ಸಿಮೆಂಟಿನವರು ಸಿಮೆಂಟ್ ಇಳಿಸಬೇಕು, ಜಲ್ಲಿಯವರು ಜಲ್ಲಿ, ನಾವು ಸಹಭಾಗಿತ್ವ. ಸಿಮೆಂಟು ಮಾರ್ಚ್ ಒಳಗೆ ಬರಬಹುದು. ಒಂದು ಊರು ತನ್ನೊಳಗೆ ಮಾತಾಡಿಕೊಂಡು, ಮುನಿಸಿಕೊಂಡು, ಮತ್ತೆ ಕೂಡಿಕೊಂಡು ಒಂದು ಮಾತಿಗೆ ಬರುವುದು ಮಾರ್ಚ್ ಒಳಗೆ ಆಗುವುದಿಲ್ಲ. ನಡುವೆ ಒಂದು ಜಾತ್ರೆಯಾಗಬೇಕು, ಒಂದು ಸಾವಾಗಬೇಕು, ಒಂದು ಪಂಚಾಯಿತಿ ಚುನಾವಣೆ ಬಂದು ಹೋಗಬೇಕು.

ಆದ್ದರಿಂದ ಒಂದು ಮಾರ್ಚ್ ರಾತ್ರಿ ಕಾರ್ಯದರ್ಶಿಯ ಮನೆ ಪಡಸಾಲೆಯಲ್ಲಿ ಕೂತು ನಾನು ಏಳು ಸಭೆ ನಡೆಸಿದೆ. ನವೆಂಬರಿನ ಸಭೆ ನೀಲಿಯಲ್ಲಿ, ಡಿಸೆಂಬರಿನದು ಕಪ್ಪಿನಲ್ಲಿ, ಜನವರಿಗೆ ಮತ್ತೆ ನೀಲಿ, ಆದರೆ ಬೇರೆ ನಿಬ್ಬು. ವಿಷಯಗಳ ಕೆಳಗೆ ಕೆಂಪು ಗೆರೆ. ಹಸಿರು ಮುಟ್ಟಲಿಲ್ಲ, ಅದು ಗೆಜೆಟೆಡ್ ಅಧಿಕಾರಿಗಳದು. ಮೂರನೇ ಸಭೆಯಲ್ಲಿ ಒಬ್ಬರ ಕೈಯಲ್ಲಿ ವಿರೋಧವನ್ನೂ ಮಾಡಿಸಿದೆ, ಇಲ್ಲವಾದರೆ ನಂಬುವುದಿಲ್ಲ ಎಂದು. ನಾಲ್ಕನೇ ಸಭೆಯಲ್ಲಿ ಅವರಿಗೆ ಮನವರಿಕೆಯಾಯಿತು. ಮಾರನೇ ದಿನ ಮನೆಮನೆ ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಒಬ್ಬಾಕೆ ಹಸುವಿನ ಹಾಲು ಕರೆಯುತ್ತಿದ್ದವರು ಎದ್ದು ಬಂದು ಒತ್ತಿದರು. ಆ ಪುಟದಲ್ಲಿ ಶಾಯಿಯ ಜೊತೆ ಒಂದು ಹನಿ ಹಾಲಿನ ಕಲೆಯಿದೆ. ಇಡೀ ಪುಸ್ತಕದಲ್ಲಿ ನಿಜವಾದದ್ದು ಅದೊಂದೇ.

ಊರಿನ ವಂತಿಗೆಯ ಕತೆಯನ್ನೂ ಹೇಳಿಬಿಡುತ್ತೇನೆ. ಜನ ತಮ್ಮ ಪಾಲು ಕೊಟ್ಟರೆ ಕೆಲಸದ ಮೇಲೆ ಅಭಿಮಾನ ಬರುತ್ತದೆ ಎಂಬುದು ತಮ್ಮ ಸಿದ್ಧಾಂತ. ಒಳ್ಳೆಯ ಸಿದ್ಧಾಂತ, ನಮ್ಮಲ್ಲಿ ದೇವರ ತೇರು ಹಾಗೇ ಆಗುವುದು. ನಮ್ಮ ಕೆರೆಗೆ ಮಾತ್ರ ಊರಿನ ಪಾಲನ್ನು ಪೂರ್ತಿ ಕಟ್ಟಿದವರು ಗುತ್ತಿಗೆದಾರರು. ಅವರೂ ಊರಿನವರೇ ತಾನೇ. ಅಭಿಮಾನವೂ ಬಂತು, ಅವರೊಬ್ಬರಿಗೆ.

ಈಗ ಕೆರೆ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ತಮ್ಮ ದಾಖಲೆಗಳಲ್ಲೂ ಇದೆ. ಇವನ್ನೆಲ್ಲ ಕಟ್ಟುವಾಗ ತಾವು ಹುಟ್ಟಿರಲಿಲ್ಲ, ಆದರೆ ತಮ್ಮ ವ್ಯವಹಾರ ಇತ್ತು. ನಮ್ಮ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂಬ ಮಾತುಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಡುವುದು, ಬೆಳೆಯಲ್ಲಿ ಒಂದು ಪಾಲು ಕೆರೆಯ ದುರಸ್ತಿಗೇ ಎತ್ತಿಡುವುದು. ಅಂದರೆ ನಿರ್ವಹಣೆಯ ಹಣ ಕೆರೆಯ ಕೆಳಗೇ ಬೆಳೆಯುತ್ತಿತ್ತು. ಕೊನೆಯಲ್ಲಿ, ಇದನ್ನು ಅಳುಪಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂಬ ಶಾಪ. ತಮ್ಮ ಸಾಲಪತ್ರಗಳಲ್ಲಿ ಷರತ್ತುಗಳು ನೂರಾರು, ಶಾಪ ಒಂದೂ ಇಲ್ಲ.

ಕೆರೆಯ ತೂಬು ಎತ್ತುವ, ಇಳಿಸುವ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವ ಕೆಲಸ ನೀರುಗಂಟಿಯದು. ನಮ್ಮ ಕಡೆ ಬಹುಪಾಲು ದಲಿತ ಮನೆತನಗಳದ್ದು. ಸುಗ್ಗಿಯಲ್ಲಿ ಕಣದಲ್ಲೇ ಆಯ ಕೊಡುತ್ತಿದ್ದರು. ನಮ್ಮ ಸಂಘದ ಬೈಲಾ ಪ್ರಕಾರ ಅಚ್ಚುಕಟ್ಟಿನಲ್ಲಿ ಜಮೀನಿದ್ದವರು ಸದಸ್ಯರು. ನೀರುಗಂಟಿಗೆ ಜಮೀನಿರಲಿಲ್ಲ. ಹೀಗೆ ಆ ಕೆರೆಯ ವಿಷಯ ಬಲ್ಲ ಏಕೈಕ ಮನುಷ್ಯ ಕೆರೆ ಸಂಘದ ಸದಸ್ಯನಾಗಲಿಲ್ಲ. ಅವನಿಗೆ ಗೌರವಾರ್ಥ ಒಂದು ಟೋಪಿ, ಟೀ ಶರ್ಟು ಕೊಟ್ಟೆವು. ಮುಂದೆ ತಮ್ಮ ಹೆಸರಿತ್ತು, ಹಿಂದೆ 'ನಮ್ಮ ಕೆರೆ ನಮ್ಮ ಹೆಮ್ಮೆ' ಎಂದು.

ಜಮೀನಿಲ್ಲದವರಿಗೆ ಆ ಕೆರೆಯಿಂದ ಸಿಕ್ಕಿದ್ದು ಹೂಳೆತ್ತಿದ ನಾಲ್ಕು ದಿನದ ಕೂಲಿ. ಮೂರನೇ ದಿನ ಜೆಸಿಬಿ ಬಂದದ್ದರಿಂದ ಅದೂ ಎರಡು ದಿನಕ್ಕೆ ಇಳಿಯಿತು. ಎತ್ತಿದ ಹೂಳು ಟ್ರಾಕ್ಟರ್ ಇದ್ದವರ ತೋಟಕ್ಕೆ ಹೋಯಿತು. ಕಾಲೊನಿಯ ಹೆಂಗಸರು ಕೇಳಿದ್ದು ಬೇರೆ. ಬಟ್ಟೆ ಒಗೆಯಲು ಒಂದು ಮೆಟ್ಟಿಲು, ಏರಿಯ ಕೆಳಗಿನ ಹುಣಸೆಮರಗಳ ಫಸಲು, ಮೀನಿನ ಹರಾಜಿನಲ್ಲಿ ಒಂದು ಪಾಲು. ಮೆಟ್ಟಿಲಿಗೆ ಅಂದಾಜುಪಟ್ಟಿಯಲ್ಲಿ ಬಾಬತ್ತಿರಲಿಲ್ಲ. ಹುಣಸೆ, ಮೀನು ಬೇರೆ ಇಲಾಖೆ. ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ಯೋಜನೆಗಳೂ ಹೀಗಿರಲಿಲ್ಲ. ವಿಶ್ವಬ್ಯಾಂಕ್ ನೆರವಿನಲ್ಲಿ 2001ರಲ್ಲಿ ಐದು ಜಿಲ್ಲೆಗಳಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯಲ್ಲಿ ಭೂರಹಿತರ ಗಳಿಕೆಗೆಂದೇ ಒಂದು ಬಾಬತ್ತಿತ್ತು. ಹಾಗೆ ಬರೆಯಲು ಸಾಧ್ಯವಿದೆ ಎಂಬುದಕ್ಕೆ ಅದು ಸಾಕ್ಷಿ.

ತಾವು ಬರುತ್ತಿದ್ದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಮ್ಮ ಭೇಟಿಯನ್ನು 'ಮಿಷನ್' ಎನ್ನುತ್ತಾರೆ. ನಮ್ಮಲ್ಲಿ ಮಿಷನ್ ಎಂದರೆ ಹಿಟ್ಟಿನ ಗಿರಣಿ. ಗುರುವಾರ ಊರಿಗೆ ಮಿಷನ್ ಬರುತ್ತದೆ ಎಂದು ಡಂಗುರ ಹೊಡೆಸಿದ್ದಕ್ಕೆ ಇಬ್ಬರು ರಾಗಿ ಚೀಲ ಹೊತ್ತುಕೊಂಡೇ ಬಂದಿದ್ದರು. ಮೂರು ಬಿಳಿ ಕಾರು, ಎಳನೀರು, ಆರತಿ, ಶಾಲಾ ಮಕ್ಕಳ ಸ್ವಾಗತಗೀತೆ. ತಮ್ಮ ಕಡೆಯ ಮೇಡಮ್ ಒಬ್ಬರು ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ಒಳ್ಳೆಯ ಹೆಂಗಸು, ಅದರಲ್ಲಿ ಅನುಮಾನವಿಲ್ಲ. ಅವರ ಬಳಿ ಇದ್ದದ್ದು 35 ನಿಮಿಷ, ಮುಂದೆ ಇನ್ನೂ ಮೂರು ಊರು. ಯೋಜನೆಯಿಂದ ನಿಮ್ಮ ಬದುಕು ಬದಲಾಯಿತೇ ಎಂದು ಕೇಳಿದರು. ರಾಗಿ ಚೀಲದ ಮೇಲೆ ಕೂತಿದ್ದಾಕೆ ಹೇಳಿದರು: "ಬಸ್ಸು ಬಿಟ್ರೆ ಬದಲಾಯ್ತದೆ ಕಣಮ್ಮ. ಹಿಟ್ಟು ಬೀಸ್ಸಕ್ಕೆ ಆರು ಕಿಲೋಮೀಟ್ರು ನಡೀಬೇಕು." ಭಾಷಾಂತರ ಮಾಡುತ್ತಿದ್ದವನು ನಾನು. ಬಹಳ ಬದಲಾಗಿದೆ ಎನ್ನುತ್ತಿದ್ದಾರೆ ಎಂದೆ. ಮೇಡಮ್ ಬರೆದುಕೊಂಡರು. ನನ್ನ ಮುಂದಿನ ಕಂತು ಆ ಒಂದು ವಾಕ್ಯದ ಮೇಲೆ ನಿಂತಿತ್ತು.

ಇದೆಲ್ಲ ತಮಗೆ ಗೊತ್ತಿಲ್ಲ ಎಂದುಕೊಂಡು ಇಷ್ಟು ದಿನ ಮರುಕಪಡುತ್ತಿದ್ದೆ. ಆಮೇಲೆ ತಮ್ಮದೇ ಪುಸ್ತಕ ಕೈಗೆ ಸಿಕ್ಕಿತು. ವಿಶ್ವಬ್ಯಾಂಕಿನ ಸಂಶೋಧಕರಾದ ಘಜಾಲಾ ಮನ್ಸೂರಿ ಮತ್ತು ವಿಜಯೇಂದ್ರ ರಾವ್ 2013ರಲ್ಲಿ ಸಹಭಾಗಿತ್ವದಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ ಎಂದು ಕೇಳಿಕೊಂಡು ಒಂದು ದಪ್ಪ ಪುಸ್ತಕ ಬರೆದಿದ್ದಾರೆ. ಅದಕ್ಕೆ ಹಿಂದಿನ ದಶಕವೊಂದರಲ್ಲೇ ಬ್ಯಾಂಕು ಜನರ ಸಹಭಾಗಿತ್ವದ ಯೋಜನೆಗಳಿಗೆ ತೊಡಗಿಸಿದ ಹಣ ಸುಮಾರು 8,500 ಕೋಟಿ ಡಾಲರ್. ಅವರ ಪ್ರಕಾರ ಸಹಭಾಗಿತ್ವ ಎರಡು ಬಗೆ: ತಾನಾಗಿ ಹುಟ್ಟಿದ್ದು, ಮೇಲಿನಿಂದ ಹುಟ್ಟಿಸಿದ್ದು. ಹುಟ್ಟಿಸಿದ್ದರಲ್ಲಿ ಮುಂದೆ ಬಂದು ಕೂರುವವರು ಉಳಿದವರಿಗಿಂತ ಅನುಕೂಲಸ್ಥರು, ಓದಿದವರು, ಮೇಲಿನ ಸ್ಥಾನದವರು. ನಮ್ಮೂರ ಜಗಲಿಯ ಮೇಲೆ ಯಾರು ಕೂರುತ್ತಾರೆ, ಕೆಳಗೆ ಯಾರು ನಿಲ್ಲುತ್ತಾರೆ ಎಂದು ಕಂಡುಹಿಡಿಯಲು 8,500 ಕೋಟಿ ಡಾಲರ್ ಬೇಕಿರಲಿಲ್ಲ. ಆದರೂ ತಮ್ಮ ಮನೆಯೊಳಗೇ ಕೂತು ಅದನ್ನು ಬರೆದರಲ್ಲ, ಅದಕ್ಕೆ ಎದೆಗಾರಿಕೆ ಬೇಕು. ಇದೇ ವಿಜಯೇಂದ್ರ ರಾವ್ ತಮ್ಮ ಸಹಲೇಖಕಿ ಪರೋಮಿತಾ ಸನ್ಯಾಲ್ ಜೊತೆ ಕರ್ನಾಟಕವೂ ಸೇರಿ ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತನ್ನು ಇದ್ದದ್ದಿದ್ದ ಹಾಗೆ ಅಕ್ಷರಕ್ಕಿಳಿಸಿ ಅಧ್ಯಯನ ಮಾಡಿದರು. ನಾನು ಏಳು ಸಭೆಗಳನ್ನು ಒಂದೇ ರಾತ್ರಿ ಅಕ್ಷರಕ್ಕಿಳಿಸಿದ ಸಂಗತಿ ಅವರಿಗೆ ತಿಳಿಯದಿರಲಿ.

ಹಾಗಾದರೆ ಬ್ಯಾಂಕು ಮತ್ತು ಸಂಸ್ಥೆ ಕೂಡಿ ಮಾಡಿದ ಕೆಲಸ ಯಾವುದೂ ನಿಂತಿಲ್ಲವೇ? ನಿಂತಿದೆ. ನಮ್ಮ ಕಣ್ಣ ಮುಂದೆಯೇ ಇದೆ. ಮೈಸೂರು ಸೀಮೆಗೆ ಬಂದ ಟಿಬೆಟನ್ನರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನು ಬೆಳೆಸಿತು. 1980ರ ದಶಕದ ನಡುವೆ ಕೆಲವು ದೊಡ್ಡ ಸಂಘಗಳು ಒಡೆದವು. ಸದಸ್ಯರು ಚಿಕ್ಕಚಿಕ್ಕ ಗುಂಪಾಗಿ ಬಂದು, ಪಡೆದ ಸಾಲವನ್ನು ನಿಮಗೆ ಬೇಕಾದರೆ ಕಟ್ಟುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ, ಅಲ್ಲಿಯ ಮುಖಂಡರ ಮೇಲೆ ನಂಬಿಕೆಯಿಲ್ಲ ಎಂದರು. ಅಲೋಶಿಯಸ್ ಫರ್ನಾಂಡಿಸ್ ಮುಂದಾಳತ್ವದ ಸಂಸ್ಥೆ ಹಾಗಾದರೆ ನಿಮ್ಮನಿಮ್ಮೊಳಗೇ ಕಟ್ಟಿಕೊಳ್ಳಿ ಎಂದಿತು. ಸ್ವಸಹಾಯ ಸಂಘದ ಬೇರುಗಳಲ್ಲಿ ಇದೊಂದು. ಗಮನಿಸಿ, ಅದು ಹುಟ್ಟಿದ್ದು ಜನ 'ಒಲ್ಲೆವು' ಎಂದದ್ದರಿಂದ.

ಆಗ ನಬಾರ್ಡ್ ಮಾಡಿದ್ದು ನೋಡಿ. 1987ರಲ್ಲಿ ಆ ಗುಂಪುಗಳ ಪ್ರಯೋಗ ನಡೆಸಲು ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಗುಂಪಿಗೆ ನೋಂದಣಿ ಬೇಕಿಲ್ಲ. ಅಡಮಾನ ಬೇಕಿಲ್ಲ. ಸದಸ್ಯರಿಗೆ ಎಷ್ಟು ಬಡ್ಡಿ, ಯಾವ ಕಾರಣಕ್ಕೆ ಸಾಲ ಎಂಬುದು ಗುಂಪಿನ ತೀರ್ಮಾನ. ಹೆಂಗಸರು ಕೂತು ಇವಳ ಗಂಡ ಕುಡಿಯುತ್ತಾನೆ, ದುಡ್ಡು ಇವಳ ಕೈಗೇ ಕೊಡಬೇಕು ಎಂದರೆ ಅದೇ ಸಾಲನೀತಿ. ಇಲ್ಲಿ ಬ್ಯಾಂಕಿನ ದೊಡ್ಡತನ ಕೊಟ್ಟ ದುಡ್ಡಿನಲ್ಲಿರಲಿಲ್ಲ. ಜನ ಆಗಲೇ ಮಾಡಿಕೊಂಡಿದ್ದ ಒಂದು ವ್ಯವಸ್ಥೆಗೆ ತನ್ನ ನಿಯಮವನ್ನು ಬಗ್ಗಿಸಿತು. ನಮ್ಮ ಕೆರೆಯಲ್ಲಿ ತಾವು ಮಾಡಿದ್ದು ಇದರ ತಿರುಗುಮುರುಗು.

ಕತೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹೆಂಗಸರು ಸಾಲ ತೀರಿಸುತ್ತಾರೆ ಎಂಬ ಸುದ್ದಿ ಹರಡಿದ್ದೇ ತಡ, ಎಲ್ಲರಿಗೂ ಹೆಂಗಸರೇ ಬೇಕಾದರು. ತಮ್ಮ ಬಂಧುಬಳಗದ ಬಂಡವಾಳವೂ ಸೇರಿ ಕಿರುಸಾಲದ ಕಂಪನಿಗಳು ಬೆಳೆದವು. ಗುಂಪಿನ ತೀರ್ಮಾನ ಹೋಗಿ ಗುಂಪಿನ ಜಾಮೀನು ಮಾತ್ರ ಉಳಿಯಿತು. ವಾರದ ಕಂತಿಗೆ ಬೆಳಿಗ್ಗೆ ಏಳಕ್ಕೆ ಮನೆ ಮುಂದೆ ಬೈಕು. ಕೊನೆಗೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಅಜ್ಜ ಕೇಳಿದ್ದ ಜಾಮೀನು ಯಾರೆಂಬ ಪ್ರಶ್ನೆಗೆ ಈಗ ಮನೆಮನೆಯಲ್ಲೂ ಉತ್ತರ ಗೊತ್ತು.

ಇನ್ನೊಂದು ಮಾತು. ತಮ್ಮ ಸಭೆಗಳಿಗೆ ಕರೆಯಿಸಿಕೊಳ್ಳುವ ನಾಗರಿಕ ಸಮಾಜ ನಾವು. ಹೋಟೆಲಿನ ತಣ್ಣನೆ ಕೋಣೆ, ಕೊರಳಿಗೆ ಗುರುತಿನ ಚೀಟಿ, ಚೀಲದಲ್ಲಿ ಬರೆಯದ ನೋಟ್‌ಪ್ಯಾಡ್. ತಮ್ಮ ಹಿರಿಯಣ್ಣ 1982ರಲ್ಲೇ ನಮ್ಮಂಥವರೊಡನೆ ಮಾತಾಡಲು ಒಂದು ಸಮಿತಿ ಮಾಡಿದ್ದರು. ಆದರೆ ತಮಗೆ ಪಾಠ ಹೇಳಿದ್ದು ಕರೆಯದ ನಾಗರಿಕ ಸಮಾಜ. ಸರ್ದಾರ್ ಸರೋವರ ಅಣೆಕಟ್ಟಿಗೆ ವಿಶ್ವಬ್ಯಾಂಕ್ 1985ರಲ್ಲಿ 45 ಕೋಟಿ ಡಾಲರ್ ಸಾಲ ಒಪ್ಪಿತು. ನರ್ಮದೆಯ ದಂಡೆಯ ಜನ ಹೋರಾಟಕ್ಕಿಳಿದರು. ಬ್ಯಾಂಕೇ ನೇಮಿಸಿದ ಬ್ರಾಡ್‌ಫರ್ಡ್ ಮೋರ್ಸ್ ಅವರ ಸ್ವತಂತ್ರ ಪರಿಶೀಲನೆ 1992ರಲ್ಲಿ ಪುನರ್ವಸತಿ, ಪರಿಸರ ಎರಡರಲ್ಲೂ ದೊಡ್ಡ ಲೋಪ ಕಂಡಿತು. 1993ರ ಮಾರ್ಚಿನಲ್ಲಿ ಭಾರತ ಸರ್ಕಾರವೇ ಉಳಿದ ಸಾಲ ಬೇಡವೆಂದಿತು. ಅದೇ ಸೆಪ್ಟೆಂಬರಿನಲ್ಲಿ, ಬ್ಯಾಂಕು ತನ್ನ ನಿಯಮ ತಾನೇ ಮೀರಿದರೆ ನೊಂದವರು ನೇರ ದೂರು ಕೊಡುವ ಇನ್‌ಸ್ಪೆಕ್ಷನ್ ಪ್ಯಾನೆಲ್ ಹುಟ್ಟಿತು. ಇವತ್ತು ನಾನು ತಮಗೆ ಬಹಿರಂಗ ಪತ್ರ ಬರೆಯುವ ಧೈರ್ಯ ಮಾಡಿದ್ದರೆ ಆ ಜನರ ಋಣ ಅದರಲ್ಲಿದೆ. ಅವರ ಹಾಜರಾತಿಗೆ ಯಾವ ಸಂಸ್ಥೆಯೂ ಕಂತು ಪಡೆದಿರಲಿಲ್ಲ.

ಈಗ ನಮ್ಮ ಕೆರೆ ಹೇಗಿದೆ ಎಂಬ ಕುತೂಹಲ ತಮಗಿಲ್ಲದಿದ್ದರೂ ಹೇಳುತ್ತೇನೆ. ಯೋಜನೆ ಮುಗಿದು ವರ್ಷಗಳಾದ ಮೇಲೆ, 2022ರಲ್ಲಿ ಮಳೆ ಬಂತು. ಎಂಥ ಮಳೆ ಎಂದರೆ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದ ಮಳೆ. ನಮ್ಮ ಕೆರೆಯೂ ತುಂಬಿತು. ಒಂದು ರಾತ್ರಿ ಹನ್ನೊಂದರ ಮೇಲೆ ತೂಬಿನ ಪಕ್ಕ ಏರಿಯಲ್ಲಿ ನೀರು ಜಿನುಗುವುದು ನೀರುಗಂಟಿಯ ಮಗನಿಗೆ ಕಂಡಿತು. ಅಪ್ಪ ತೀರಿಹೋಗಿದ್ದರು, ಮಗ ಯಾರೂ ಹೇಳದೆಯೇ ಏರಿಯ ಮೇಲೆ ಓಡಾಡುತ್ತಿದ್ದ. ತಮಟೆ ಬಡಿದು ಊರು ಎಬ್ಬಿಸಿದ. ನನಗೂ ಫೋನು ಬಂತು. ಹೋದೆ, ಸಂಬಳವಿಲ್ಲದ ನಾಗರಿಕ ಸಮಾಜವಾಗಿ.

ಕೆರೆ ಸಂಘದ ಖಾತೆಯಲ್ಲಿ ನಿರ್ವಹಣೆಗೆಂದೇ ಇಟ್ಟ ಹಣವಿತ್ತು. ತೆಗೆಯಲು ಇಬ್ಬರ ಸಹಿ ಬೇಕು. ಒಬ್ಬರು ಬೆಂಗಳೂರಿನ ಪೀಣ್ಯದಲ್ಲಿ, ಇನ್ನೊಬ್ಬರು ಸ್ಮಶಾನದಲ್ಲಿ. ಲೆಕ್ಕಪತ್ರ ಸಲ್ಲಿಸದೆ ಸಂಘದ ನೋಂದಣಿಯೂ ತಪ್ಪಿಹೋಗಿತ್ತು. ಕಾಲೊನಿಯ ಮಹಿಳಾ ಸಂಘದವರು ತಮ್ಮ ಟ್ರಂಕು ತಂದರು. ಅದಕ್ಕೆ ಮೂರು ಬೀಗ, ಮೂವರ ಮನೆಯಲ್ಲಿ ಮೂರು ಕೀ. ಮೂವರೂ ನೆನೆದುಕೊಂಡು ಓಡಿಬಂದು ಟಾರ್ಚ್ ಬೆಳಕಿನಲ್ಲಿ ತೆಗೆದರು. ಒಂಬತ್ತು ಸಾವಿರದ ಚಿಲ್ಲರೆ ಇತ್ತು. ಜೆಸಿಬಿಗೆ ಡೀಸೆಲ್ ಹಾಕಿಸಿದ್ದು ಆ ದುಡ್ಡಿನಲ್ಲಿ. ಉಳಿದವರೆಲ್ಲ ಮನೆಯಲ್ಲಿದ್ದ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಆ ಸಾಲಿನಲ್ಲಿ ಗೌಡರ ಮನೆಯವರೂ ಇದ್ದರು, ಕಾಲೊನಿಯವರೂ ಇದ್ದರು. ಬೆಳಗಿನ ಜಾವ ನಾಲ್ಕಕ್ಕೆ ಜಿನುಗು ನಿಂತಿತು. ಯಾರೋ ಬೆಲ್ಲದ ಕಾಫಿ ತಂದರು. ನಡಾವಳಿ ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಚ್ಚುಕಟ್ಟಿನವರು ಆ ಹಣವನ್ನು ಸುಗ್ಗಿಯ ಮೇಲೆ ಮಹಿಳಾ ಸಂಘಕ್ಕೆ ತಿರುಗಿ ಕೊಟ್ಟರು, ಬಡ್ಡಿ ಮಾತ್ರ ಇನ್ನೂ ಬಾಕಿ. ಆ ಹೆಂಗಸರು ಕೇಳುವುದು ಬಿಟ್ಟಿಲ್ಲ.

ತಮ್ಮಲ್ಲಿ ಯೋಜನೆಗಳಿಗೆ ಆರು ದರ್ಜೆಯ ಶ್ರೇಯಾಂಕವಿದೆ ಎಂದು ಕೇಳಿದ್ದೇನೆ, 'ಅತ್ಯಂತ ತೃಪ್ತಿಕರ'ದಿಂದ ಹಿಡಿದು 'ಅತ್ಯಂತ ಅತೃಪ್ತಿಕರ'ದವರೆಗೆ. ಆ ರಾತ್ರಿಗೆ ಯಾವ ದರ್ಜೆ ಕೊಡುತ್ತೀರೋ ನೋಡಿ. ಕೊಡುವುದಾದರೆ ಯೋಜನೆಗಲ್ಲ, ಟ್ರಂಕಿಗೆ ಕೊಡಿ.

ತಾವು ಮತ್ತೆ ಬರುತ್ತೀರಂತೆ. ಹೊಸ ಯೋಜನೆ, ಹೊಸ ಹೆಸರು. ಈ ಸಲ ಹವಾಮಾನವೂ ಸೇರಿದೆಯಂತೆ. ಬನ್ನಿ, ಬೇಡ ಎನ್ನಲು ನಾನ್ಯಾರು. ಬರುವಾಗ ಸಾಲಪತ್ರದ ಕನ್ನಡ ಪ್ರತಿ ಒಂದು ತನ್ನಿ, ಅಜ್ಜನ ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ, ಗಟ್ಟಿಯಾಗಿ ಓದಿ ಹೇಳುತ್ತಾಳೆ. ನೀರುಗಂಟಿಯ ಮಗನ ಹೆಸರನ್ನು ಟೀ ಶರ್ಟಿನ ಪಟ್ಟಿಯಿಂದ ತೆಗೆದು ಸದಸ್ಯರ ಪಟ್ಟಿಗೆ ಹಾಕಿ. ತಮ್ಮ ನಮೂನೆಯಲ್ಲಿ 'ಒಪ್ಪಿಗೆ' ಎಂಬ ಕಾಲಂ ಪಕ್ಕದಲ್ಲಿ 'ಬೇಡ' ಎಂದೊಂದು ಕಾಲಂ ಬಿಡಿ. ಅದನ್ನು ತುಂಬಿದ ಊರಿನ ಸಂಸ್ಥೆಗೂ ಕಂತು ಕೊಡಿ. ನಮ್ಮಂಥ ಸಂಘಟಕರು ಅವತ್ತಿನಿಂದ ಒಂದೇ ಬಣ್ಣದ ಪೆನ್ನಿನಲ್ಲಿ ಸಂಸಾರ ಮಾಡಿಯಾರು.

ದಿನಾಂಕ ಗೊತ್ತುಮಾಡುವ ಕಷ್ಟ ತಮಗೆ ಬೇಡ. ಮಹಿಳಾ ಸಂಘದ ಸಭೆ ಪ್ರತಿ ಗುರುವಾರ ಸಂಜೆ ಏಳಕ್ಕೆ, ಅಂಗನವಾಡಿ ಕಟ್ಟೆಯ ಮೇಲೆ. ಆರತಿ, ಎಳನೀರು ಇರುವುದಿಲ್ಲ. ತಡವಾಗಿ ಬಂದವರಿಗೆ ಹತ್ತು ರೂಪಾಯಿ ದಂಡವಿದೆ, ಯಾರಿಗೂ ರಿಯಾಯಿತಿ ಇಲ್ಲ. ಚಿಲ್ಲರೆ ತನ್ನಿ.

ಇಂತಿ ತಮ್ಮ,
ಮಾಜಿ ನಾಗರಿಕ ಸಮಾಜ